ಮಣಿಪಾಲ ಹತ್ತಿರವಿದ್ದರೂ ಆಶಾ ಮನೆಗೆ ಬರಬೇಕು ಯಾಕೆ?

ಅಜೆಕಾರಿನ ಬಾಣಂತಿಗೆ ಕಾರ್ಕಳದ ತಾಲೂಕು ಆಸ್ಪತ್ರೆಯಿದೆ, ಮಣಿಪಾಲವೂ ದೂರವಲ್ಲ. ಮತ್ತೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಮಾಡುವುದೇನು ಎಂದು ಕೇಳುವವರಿದ್ದಾರೆ. ಆಸ್ಪತ್ರೆಯವರು ಹೆರಿಗೆ ಮಾಡಿಸಿ ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಮಗು ಹಾಲು ಚೀಪುವುದು ಕಡಿಮೆಯಾಗುವುದು, ಅಂಗಾಲು ತಣ್ಣಗಾಗುವುದು, ಉಸಿರಾಟ ನಿಮಿಷಕ್ಕೆ 60 ದಾಟುವುದು ಆಮೇಲೆ, ಮನೆಯಲ್ಲೂ ಶುರುವಾಗಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಹೆರಿಗೆಯಾದರೂ 3, 7, 14, 21, 28, 42ನೇ ದಿನಗಳ ಭೇಟಿ. ಆಶಾ ಮಗುವನ್ನು ಬಟ್ಟೆಯ ಜೋಳಿಗೆಯಲ್ಲಿಟ್ಟು ತೂಗುತ್ತಾರೆ, ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾರೆ, ವಾಚು ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆ.

ಇಷ್ಟರಿಂದ ಜೀವ ಉಳಿಯುತ್ತದೆಯೇ? ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಹಳ್ಳಿಯ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆಯ ತರಬೇತಿ ಕೊಟ್ಟರು. ನವಜಾತ ಶಿಶುಗಳ ಮರಣ ಪ್ರಮಾಣ ಶೇ. 62ರಷ್ಟು ತಗ್ಗಿತೆಂಬ ಅವರ ಅಧ್ಯಯನ 1999ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಅಲ್ಲಿ ಆಗ ಹೆಚ್ಚಿನ ಹೆರಿಗೆ ಮನೆಯಲ್ಲೇ, ಸೋಂಕಿಗೆ ಚುಚ್ಚುಮದ್ದು ಕೊಡುತ್ತಿದ್ದವರೂ ಆ ಹೆಂಗಸರೇ. ಆ ಅಂಕಿಯನ್ನು ಹಾಗೇ ಇಲ್ಲಿಗೆ ತರಲಾಗದು, ನಿಜ. ಚುಚ್ಚುಮದ್ದಿಗೆ ಇಲ್ಲಿ ಆಸ್ಪತ್ರೆಯಿದೆ, ಆದರೆ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಕಳಿಸುವವರು ಬೇಕು. ಮನೆಯಲ್ಲಿರುವ ಅಜ್ಜಿಯ ಅನುಭವ ದೊಡ್ಡದೇ. ಆದರೂ ಮಗುವಿನ ತೂಕ 200 ಗ್ರಾಂ ಇಳಿದದ್ದು ಕಣ್ಣಂದಾಜಿಗೆ ಸಿಗುವುದಿಲ್ಲ. ನಮ್ಮಲ್ಲಿ ಗಂಡನ ಊರಿನಲ್ಲಿ ತಾಯಿ ಕಾರ್ಡ್ ಮಾಡಿಸಿ ಬಾಣಂತನಕ್ಕೆ ತವರಿಗೆ ಹೋದಾಗ, ಅಲ್ಲಿನ ಆಶಾಗೆ ಗೊತ್ತಾಗದೆ ಭೇಟಿ ತಪ್ಪಬಹುದು. ಹೆರಿಗೆಗೆ ಮೊದಲೇ ತವರಿನ ಆಶಾಗೆ ಫೋನ್ ಮಾಡಿ ತಿಳಿಸಿ.