ಬ್ಯಾರನ್ ಸೌದೆ ಸೀಳಲು ಯಂತ್ರ: ಕೊಳ್ಳಬೇಕೆ, ಕಟ್ಟಿಸಬೇಕೆ?

ಗಾವಡಗೆರೆ ಸುತ್ತಿನ ಹೊಗೆಸೊಪ್ಪು ಬೆಳೆಗಾರರಿಗೆ ಸೌದೆಯ ಚಿಂತೆ ಹೊಸದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಮುಂಗಾರಿಗೆ ನಾಟಿಯಾದ ಬೆಳೆಯ ಎಲೆ ಮಳೆಗಾಲದಲ್ಲೇ ಬ್ಯಾರನ್ ಸೇರುತ್ತದೆ. ಒಂದು ಕಿಲೋ ಹದಗೊಂಡ ಎಲೆಗೆ ಸುಮಾರು 4ರಿಂದ 5 ಕಿಲೋ ಸೌದೆ ಬೇಕು. ಸಾವಿರ ಕಿಲೋ ಎಲೆ ಬೇಯಿಸುವವರು ನಾಲ್ಕೈದು ಟನ್ ಸೌದೆ ಕೂಡಿಡಬೇಕಾಗುತ್ತದೆ.

ಎಷ್ಟು ಟನ್ ಎಂಬುದರಷ್ಟೇ, ಅದು ಎಷ್ಟು ಒಣಗಿದೆ ಎಂಬುದೂ ಮುಖ್ಯ. ಎಲೆ ಹಳದಿಗೆ ತಿರುಗಿ ಬಣ್ಣ ನಿಲ್ಲುವ ಹಂತದಲ್ಲಿ ಶಾಖ ಮೆಲ್ಲಮೆಲ್ಲನೆ ಏರಬೇಕು. ಆ ರಾತ್ರಿ ಹಸಿ ಸೌದೆ ಹೊಗೆಯಾಡಿ ಶಾಖ ಇಳಿದರೆ ಎಲೆ ಕಂದುತ್ತದೆ. ವರ್ಷವೆಲ್ಲ ದುಡಿದ ಬೆಳೆಗೆ ಹರಾಜು ಮಾರುಕಟ್ಟೆಯಲ್ಲಿ ಕೀಳು ದರ್ಜೆಯ ಬೆಲೆ ಸಿಗುತ್ತದೆ.

ಸೀಳುವುದು ಏಕೆ?

ಆಗ ತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಒಂದು ಟನ್ ಹಸಿ ಸೌದೆಯ ನೀರು ಆವಿಯಾಗಲು ಸುಮಾರು 3 ಲಕ್ಷ ಕಿಲೋ ಕ್ಯಾಲೊರಿ ಶಾಖ ವ್ಯರ್ಥವಾಗುತ್ತದೆ. ಇದು 85 ಕಿಲೋ ಒಣ ಸೌದೆ ಕೊಡುವ ಶಾಖಕ್ಕೆ ಸಮ. ಬೆಂಕಿ ತಣ್ಣಗಾಗಿ, ಪೂರ್ತಿ ಉರಿಯದ ಹೊಗೆ ಕೊಳವೆಯಲ್ಲಿ ಹೋಗುವ ನಷ್ಟ ಬೇರೆ. ತೊಗಟೆ ಹೊತ್ತ ದಪ್ಪ ದಿಮ್ಮಿಯ ನೀರು ಸುಲಭವಾಗಿ ಹೊರಬರುವುದಿಲ್ಲ. ಸೀಳಿದರೆ ಒಳಮೈಗೆ ಗಾಳಿ ತಾಗಿ ಬೇಗ ಒಣಗುತ್ತದೆ. ನಾಲ್ಕು ಅಂಗುಲಕ್ಕಿಂತ ಸಣ್ಣ ಸರ್ವೆ ಗಳು, ಕೊಂಬೆಗಳನ್ನು ಸೀಳುವ ಅಗತ್ಯವಿಲ್ಲ. ನೀಲಗಿರಿಯನ್ನು ಹಸಿಯಿರುವಾಗಲೇ ಸೀಳಬೇಕು. ಒಣಗಿದರೆ ಕೊಡಲಿಗೂ ಬೆಣೆಗೂ ಜಗ್ಗದು.

ಯಾವ ಬಗೆಯ ಯಂತ್ರ?

ಟ್ರ್ಯಾಕ್ಟರಿನ ಪಿ.ಟಿ.ಓ. ದಂಡಕ್ಕೆ ಜೋಡಿಸುವ ತಿರುಪು ಶಂಕುವಿನ ಯಂತ್ರ ಅಗ್ಗ. ಆದರೆ ತಿರುಗುವ ಶಂಕು ಪಂಚೆ, ಸೆರಗು, ಕೈಗವಸುಗಳನ್ನು ಸುತ್ತಿ ಎಳೆಯುತ್ತದೆ. ದಿಮ್ಮಿ ಸಿಕ್ಕಿಕೊಂಡರೆ ಅದೂ ಗಿರ್ರನೆ ತಿರುಗುತ್ತದೆ. ಇದನ್ನು ಕೊಳ್ಳದಿರುವುದೇ ಲೇಸು. ಎಣ್ಣೆಯ ಒತ್ತಡದಿಂದ ದಿಮ್ಮಿಯನ್ನು ಬೆಣೆಗೆ ನೂಕುವ ಹೈಡ್ರಾಲಿಕ್ ಯಂತ್ರ ನಿಧಾನ, ಆದರೆ ಹಿಡಿತದಲ್ಲಿರುತ್ತದೆ.

100 ಮಿ.ಮೀ. ಒಳವ್ಯಾಸದ ಸಿಲಿಂಡರಿಗೆ ಚದರ ಸೆಂ.ಮೀ.ಗೆ 150 ಕಿಲೋ ಒತ್ತಡ ಕೊಟ್ಟರೆ ಸುಮಾರು 11.8 ಟನ್ ನೂಕುಬಲ ಬರುತ್ತದೆ. ನಮ್ಮ ಭಾಗದ ಸಾಧಾರಣ ದಿಮ್ಮಿಗಳಿಗೆ ಇದು ಸಾಕು. ಪಂಪು ನಿಮಿಷಕ್ಕೆ 20 ಲೀಟರ್ ಎಣ್ಣೆ ಕೊಟ್ಟರೆ 600 ಮಿ.ಮೀ. ಓಟಕ್ಕೆ 14 ಸೆಕೆಂಡು ಹಿಡಿಯುತ್ತದೆ. ಇಷ್ಟಕ್ಕೆ ಸುಮಾರು 8 ಅಶ್ವಶಕ್ತಿ ಬೇಕು. 5 ಅಶ್ವಶಕ್ತಿಯ ವಿದ್ಯುತ್ ಮೋಟಾರಿನಲ್ಲೂ ಕೆಲಸ ನಡೆದೀತು. ಓಟಕ್ಕೆ 24 ಸೆಕೆಂಡು ಬೇಕಾದೀತು. ಟ್ರ್ಯಾಕ್ಟರಿನ ಎಣ್ಣೆಯನ್ನೇ ಬಳಸುವವರು ಪಂಪಿನ ಒತ್ತಡ, ಹರಿವುಗಳನ್ನು ಕೈಪಿಡಿಯಲ್ಲಿ ಮೊದಲು ನೋಡಿಕೊಳ್ಳಬೇಕು.

ಕಟ್ಟಿಸುವವರ ಗಮನಕ್ಕೆ

ವರ್ಕ್‌ಶಾಪಿನಲ್ಲಿ ಕಟ್ಟಿಸುವಾಗ ತೊಲೆಯಲ್ಲಿ ಉಳಿತಾಯ ಮಾಡಬೇಡಿ. ಸಿಲಿಂಡರಿನ ನಡುರೇಖೆ ತೊಲೆಯ ಮೇಲ್ಮೈಯಿಂದ 10 ಸೆಂ.ಮೀ. ಎತ್ತರದಲ್ಲಿದ್ದರೆ, ಈ ಬಲಕ್ಕೆ 150 ಮಿ.ಮೀ. ಐ-ತೊಲೆ ಬಾಗುತ್ತದೆ. 200 ಮಿ.ಮೀ. ತೊಲೆಯನ್ನೇ ಹಾಕಿಸಿ. ಒತ್ತಡ ಮೀರದಂತೆ ತಡೆಯುವ ಕವಾಟ ಇರಲೇಬೇಕು. ಎರಡು ಕೈಯಿಂದಲೂ ಹಿಡಿಕೆ ಹಿಡಿದಾಗ ಮಾತ್ರ ಯಂತ್ರ ನಡೆಯುವಂತಿರಲಿ. ಆಗ ಬೆಣೆಯ ಬಳಿಗೆ ಕೈ ಹೋಗದು. ಎಣ್ಣೆಕೊಳವೆ ಸೋರುತ್ತಿದೆಯೇ ಎಂದು ಬರಿಗೈಯಿಂದ ಮುಟ್ಟಿ ನೋಡಬಾರದು. ಒತ್ತಡದ ಎಣ್ಣೆ ಚರ್ಮ ತೂರಿ ಒಳಹೋದರೆ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಒಬ್ಬರು ದಿಮ್ಮಿ ಇಡುವಾಗ ಇನ್ನೊಬ್ಬರು ಹಿಡಿಕೆ ಮುಟ್ಟಕೂಡದು.

ಒಬ್ಬರಿಗೋ, ಹತ್ತು ಮಂದಿಗೋ?

ಎಂಟು ಅಂಗುಲ ದಪ್ಪ, ಎರಡಡಿ ಉದ್ದದ ಹಸಿ ನೀಲಗಿರಿ ತುಂಡು ಸುಮಾರು 19 ಕಿಲೋ ತೂಗುತ್ತದೆ. ಅದನ್ನು ನಾಲ್ಕು ಸೀಳು ಮಾಡಲು ಮೂರು ಓಟ ಬೇಕು. ಎತ್ತಿ ಇಡುವುದೂ ಸೇರಿ ಓಟಕ್ಕೆ ಒಂದು ನಿಮಿಷವೆಂದರೂ ಗಂಟೆಗೆ 380 ಕಿಲೋ ಆಗುತ್ತದೆ. ನಾಲ್ಕೈದು ಟನ್ ಒಣ ಸೌದೆಗೆ ಏಳೆಂಟು ಟನ್ ಹಸಿ ಮರ ಬೇಕು. ಅದನ್ನು ಸೀಳಲು ಸುಮಾರು 20 ಗಂಟೆ, ಅಂದರೆ ಮೂರು ದಿನದ ಕೆಲಸ. ಮೂರು ದಿನದ ಕೆಲಸಕ್ಕೆ ಒಬ್ಬರೇ ಸಾಲ ಮಾಡಿ ಯಂತ್ರ ಕೊಳ್ಳುವುದು ಜಾಣತನವಲ್ಲ. ಹತ್ತು ಬ್ಯಾರನ್ನಿನವರು ಸೇರಿ ಒಂದು ಯಂತ್ರ ಇಟ್ಟುಕೊಂಡರೆ ಒಂದು ತಿಂಗಳಲ್ಲಿ ಎಲ್ಲರ ಕೆಲಸವೂ ಮುಗಿಯುತ್ತದೆ. ಸರದಿ, ಡೀಸೆಲ್, ರಿಪೇರಿಯ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಆ ತಿಂಗಳು ಜನವರಿಯೋ ಫೆಬ್ರವರಿಯೋ ಆಗಿರಲಿ. ಸೀಳಿದ ಸೌದೆಯನ್ನು ನೆಲಕ್ಕೆ ತಾಗದಂತೆ ಕಲ್ಲು ಅಥವಾ ಗಳುಗಳ ಮೇಲೆ, ಗಾಳಿಯಾಡುವಂತೆ ಅಡ್ಡಡ್ಡಲಾಗಿ ಒಟ್ಟಿ. ಒಂದು ತುಂಡಿಗೆ ಬಣ್ಣ ಬಳಿದು ಹದಿನೈದು ದಿನಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಸೌದೆ ಒಣಗಿತೆಂದು ತಿಳಿಯಿರಿ. ಮೊದಲ ಮಳೆಗೆ ಮುನ್ನ ಸೂರಿನಡಿ ಸೇರಿಸಿ.

ಇಷ್ಟಾದ ಮೇಲೆ ಈ ಬಾರಿ ಯಂತ್ರ ಕೈಗೂಡದಿದ್ದರೂ ಧೃತಿಗೆಡಬೇಕಿಲ್ಲ. ಕೊಡಲಿ, ಬೆಣೆಗಳಿಂದ ಬೇಸಿಗೆಯಲ್ಲಿ ಸೀಳಿದ ಸೌದೆ, ಯಂತ್ರದಿಂದ ಜುಲೈನಲ್ಲಿ ಸೀಳಿದ ಸೌದೆಗಿಂತ ಚೆನ್ನಾಗಿ ಉರಿಯುತ್ತದೆ.