ದೀಪಕ್ಕೂ ಬೇಕು ತೂಬು

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಗುಡ್ಡಗಳ ಇಕ್ಕಟ್ಟಿನೊಳಗೆ ನುಸುಳಿ ಹರಿಯುತ್ತಿದ್ದ ಮಲಪ್ರಭೆಯನ್ನು ಅಣೆಕಟ್ಟು ತಡೆದು ನಿಲ್ಲಿಸಿದೆ. ಜಲಾಶಯದ ಮಟ್ಟ ಮಳೆಗಾಲದಲ್ಲಿ ಏರುತ್ತದೆ, ಬೇಸಗೆಯಲ್ಲಿ ಇಳಿಯುತ್ತದೆ. ಕಾಲುವೆಗೆ ಬೇಕಾದುದಾದರೋ ಹದವಾದ ನೀರು, ತೂಬಿರುವುದು ಅದಕ್ಕಾಗಿ. ಅಷ್ಟಾದರೂ ಮೇಲಿನ ಹೊಲಗಳು ಹೆಚ್ಚು ಹೀರಿದ ದಿನ ಕಾಲುವೆಯ ಕೊನೆಯ ರೈತನಿಗೆ ಉಳಿಯುವುದು ಕೆಸರು. ಈ ವ್ಯಥೆಯನ್ನು ಬಲ್ಲವರಿಗೆ ಅಂಗೈಯಗಲದ ಸರ್ಕ್ಯೂಟ್ ಬೋರ್ಡಿನ ವ್ಯಥೆಯೂ ಸುಲಭವಾಗಿ ತಿಳಿದೀತು.

ಭಾರತ ಹುಣ್ಣಿಮೆಯ ಜಾತ್ರೆಗೆ ಯಲ್ಲಮ್ಮನ ಗುಡ್ಡದಲ್ಲಿ ಕುಂಕುಮ-ಭಂಡಾರದ ಅಂಗಡಿ ಹೂಡುವವನಿಗೆ ತರುಣನೊಬ್ಬ ಎಲ್.ಇ.ಡಿ. ದೀಪಮಾಲೆ ಕಟ್ಟಿಕೊಡುತ್ತಾನೆನ್ನೋಣ. 60 ಬಿಳಿಯ ದೀಪಗಳು. ಅವನ್ನು ಕುಣಿಸಲು ಒಂದು ಮೈಕ್ರೋಕಂಟ್ರೋಲರ್. ಆಧಾರಕ್ಕೆ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಬ್ಯಾಟರಿ. ಮೈಕ್ರೋಕಂಟ್ರೋಲರಿಗೆ 5 ವೋಲ್ಟು ಸಾಕು. 7805 ಎಂಬ ಮೂರು ಕಾಲಿನ ರೆಗ್ಯುಲೇಟರನ್ನು ತಂದು, ದೀಪಗಳನ್ನೂ ಅದರ ಬೆನ್ನಿಗೇ ಕಟ್ಟಿಬಿಡುವುದು ಹೊಸಬರ ವಾಡಿಕೆ.

ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ದೀಪಕ್ಕೆ 20 ಮಿಲಿಆಂಪಿಯರಿನಂತೆ 60ಕ್ಕೆ 1.2 ಆಂಪಿಯರ್. ಹೆಚ್ಚಾದ 7 ವೋಲ್ಟನ್ನು ರೆಗ್ಯುಲೇಟರ್ ತನ್ನ ಮೈಯಲ್ಲೇ ಸುಟ್ಟುಕೊಳ್ಳುತ್ತದೆ: 8.4 ವ್ಯಾಟ್ ಬರಿಯ ಬಿಸಿ, ದೀಪಗಳತ್ತ ಸಾಗುವುದು 6 ವ್ಯಾಟ್! ಮೈ ಕಾದ 7805 ಆತ್ಮರಕ್ಷಣೆಗಾಗಿ ಪ್ರವಾಹವನ್ನು ತಡೆಯುತ್ತದೆ. ತಣಿದ ಮೇಲೆ ಮತ್ತೆ ಬಿಡುತ್ತದೆ. ಹಾಗಾಗದಿದ್ದರೂ ಬ್ಯಾಟರಿ ಆರು ಗಂಟೆ ಬಾಳದು. ಭಕ್ತರು ಇನ್ನೂ ಗುಡ್ಡವೇರುತ್ತಿರುವಾಗಲೇ ಅಂಗಡಿಗೆ ಕತ್ತಲೆ.

ಇನ್ನೊಂದು ಪೀಡೆ ಕಣ್ಣಿಗೆ ಕಾಣದು. 35 ಮೈಕ್ರಾನ್ ದಪ್ಪ, ಅರ್ಧ ಮಿಲಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ತಾಮ್ರದ ಗೆರೆಯ ರೋಧ ಸುಮಾರು 0.1 ಓಮ್. ಅಲ್ಪವೇ ಸರಿ, ಆದರೆ ಸಣ್ಣ ತಂತಿಗಳ, ಸಡಿಲ ಜೋಡಣೆಗಳ ರೋಧವೂ ಇದಕ್ಕೆ ಕೂಡಿಕೊಳ್ಳುತ್ತದೆ. ದೀಪಗಳೆಲ್ಲ ಒಮ್ಮೆಗೇ ಹೊತ್ತಿದಾಗ ಗೆರೆಯ ಕೊನೆಯಲ್ಲಿರುವ ಮೈಕ್ರೋಕಂಟ್ರೋಲರಿಗೆ ವೋಲ್ಟೇಜು ಕುಸಿಯುತ್ತದೆ. ಅದು ಎಚ್ಚರ ತಪ್ಪುತ್ತದೆ, ದೀಪಗಳು ಆರುತ್ತವೆ, ಒಡನೆ ಎಚ್ಚೆತ್ತು ಮೊದಲಿನಿಂದ ಆರಂಭಿಸುತ್ತದೆ. ತರುಣ ಪಾಪ, ತನ್ನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಕೂರುತ್ತಾನೆ.

ಉಪಾಯವಿರುವುದು ನೀರು ಹಂಚುವ ಕ್ರಮದಲ್ಲಿ. ಬಿಳಿಯ ದೀಪವೊಂದಕ್ಕೆ ಸುಮಾರು 3 ವೋಲ್ಟು. ಮೂರನ್ನು ಸಾಲಾಗಿ ಪೋಣಿಸಿದರೆ 9. ಇಂಥ 20 ಸಾಲುಗಳನ್ನು ಟ್ರಾನ್ಸಿಸ್ಟರುಗಳ ಮೂಲಕ ಬ್ಯಾಟರಿಗೇ ನೇರವಾಗಿ ಕೂಡಿಸಬೇಕು. ಚಾರ್ಜಾಗುವಾಗ ಬ್ಯಾಟರಿ 14 ವೋಲ್ಟಿಗೇರುವುದುಂಟು; ಸಾಲಿಗೊಂದು 270 ಓಮಿನ ರೋಧಕವಿಟ್ಟರೆ ಆಗಲೂ ಭಯವಿಲ್ಲ, ಬೆಳಕು ತುಸು ಮಂದವಾದರೂ ಚಿಂತೆಯಿಲ್ಲ. ಮೈಕ್ರೋಕಂಟ್ರೋಲರಿನ ಗೆರೆ ಬ್ಯಾಟರಿಯ ತುದಿಯಿಂದಲೇ ಬೇರೆ ಹೊರಡಲಿ; ಅದರ ಕಾಲಿಗೆ ಅಂಟಿದಂತೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರ್ ಇರಲಿ. ಹೊಲದಂಚಿನ ಪುಟ್ಟ ಹೊಂಡವಿದ್ದಂತೆ ಅದು.

ಈಗ ಎಲ್ಲ ದೀಪಗಳೂ ಸೇರಿ ಕುಡಿಯುವುದು 0.4 ಆಂಪಿಯರನ್ನು ಮೀರದು. ಸಂಜೆ ಹೊತ್ತಿಸಿದ ಮಾಲೆ ಬೆಳಗಿನ ಜಾವಕ್ಕೂ ಕುಣಿಯುತ್ತಿರುತ್ತದೆ. ರೆಗ್ಯುಲೇಟರನ್ನು ಬೆರಳಿನಿಂದ ಮುಟ್ಟಿದರೆ ಬೆಚ್ಚಗೂ ಇರುವುದಿಲ್ಲ.