ಮಡಿಲಿಗೆ ಬಂದ ಮಗು: ಪ್ರೀತಿಯ ಜೊತೆಗೆ ಸತ್ಯವೂ ಬೇಕು, ಕಾಗದಪತ್ರವೂ ಬೇಕು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಕಳೆದ ವರ್ಷ ನಮ್ಮ ಕುಟುಂಬದ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದಾಗ, ದೂರದ ಸಂಬಂಧಿಯೊಬ್ಬರು ನನ್ನ ಖಾಲಾ ಮಗಳನ್ನು ನೋಡಿ ಪಕ್ಕದವರಿಗೆ ಹೇಳಿದರು: "ಇವಳೇ ಅಲ್ವಾ ತಂದು ಸಾಕಿದ ಹುಡುಗಿ? ಎಷ್ಟು ದೊಡ್ಡವಳಾಗಿದ್ದಾಳೆ!" ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ಅವಳ ಕಿವಿಗೆ ಬಿತ್ತು. ಆಗ ಅವಳಿಗೆ ಹದಿಮೂರು ವರ್ಷ. ಅಲ್ಲಿಯವರೆಗೆ ಈ ವಿಷಯವನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ರಾತ್ರಿ ಅವಳು ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಆಪಾ, ನಿಮಗೂ ಗೊತ್ತಿತ್ತಾ?"

ನನಗೆ ಗೊತ್ತಿತ್ತು. ನಾನಿಗೆ ಗೊತ್ತಿತ್ತು, ಮಾಮೂಗಳಿಗೆ ಗೊತ್ತಿತ್ತು, ಬೀದಿಯ ಅಂಗಡಿಯವರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅವಳಿಗೆ ಮಾತ್ರ. ತಾನು ಹೊಟ್ಟೆಯಲ್ಲಿ ಹುಟ್ಟಿದ ಮಗಳಲ್ಲ ಎನ್ನುವುದಕ್ಕಿಂತ, ಎಲ್ಲರೂ ಸೇರಿ ತನ್ನಿಂದ ಮುಚ್ಚಿಟ್ಟರು ಎನ್ನುವುದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು. ನಂತರ ನಾನು ಈ ವಿಷಯದ ಬಗ್ಗೆ ಓದಿದೆ, ತಿಳಿದ ಹಿರಿಯರನ್ನು ಕೇಳಿದೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ತರಗತಿಗಳಲ್ಲೂ ಇಂತಹ ಮನೆಗಳಿಂದ ಬಂದವರು ಇರಬಹುದು. ನಾಳೆ ನಮ್ಮಲ್ಲೇ ಕೆಲವರು ಇಂತಹ ತಂದೆತಾಯಿ ಆಗಬಹುದು.

ಕಾನೂನಿನ ಎರಡು ದಾರಿ

ಹಿಂದೂ, ಬೌದ್ಧ, ಜೈನ ಮತ್ತು ಸಿಖ್ಖರಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಇದೆ. ಮುಸ್ಲಿಮರು, ಕ್ರೈಸ್ತರು, ಪಾರ್ಸಿಗಳಿಗೆ ಬಹಳ ಕಾಲ ಇದ್ದದ್ದು 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ ಮಾತ್ರ. ಇದರಡಿ ನ್ಯಾಯಾಲಯವು ಒಬ್ಬರನ್ನು ಮಗುವಿನ ಪೋಷಕರು, ಅಂದರೆ ಗಾರ್ಡಿಯನ್ ಎಂದು ನೇಮಿಸುತ್ತದೆ. ಮಗುವನ್ನು ಸಾಕುವ, ಓದಿಸುವ ಜವಾಬ್ದಾರಿ ಅವರದ್ದು. ಆದರೆ ಮಗುವಿಗೆ 18 ವರ್ಷ ತುಂಬಿದಾಗ ಸಾಮಾನ್ಯವಾಗಿ ಈ ಪೋಷಕತ್ವ ಮುಗಿಯುತ್ತದೆ. ಆಸ್ತಿಯಲ್ಲಿ ತಾನಾಗಿಯೇ ಪಾಲು ಬರುವುದಿಲ್ಲ. ನನ್ನ ಖಾಲಾ ಮತ್ತು ಖಾಲು ಹಿಡಿದದ್ದು ಈ ದಾರಿಯನ್ನೇ.

ಎರಡನೆಯದು ಬಾಲನ್ಯಾಯ ಕಾಯ್ದೆಯ ದಾರಿ. ಈಗ ಜಾರಿಯಲ್ಲಿರುವುದು 2015ರ ಕಾಯ್ದೆ. ಸಾಮಾಜಿಕ ಕಾರ್ಯಕರ್ತೆ ಶಬನಮ್ ಹಾಶ್ಮಿ ಅವರು 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2014ರ ಫೆಬ್ರವರಿಯಲ್ಲಿ ಬಂದ ತೀರ್ಪು, ಯಾವುದೇ ಧರ್ಮದವರು ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದು ಎಂದು ಹೇಳಿತು. ಇದು ಯಾರ ಮೇಲೂ ಒತ್ತಾಯವಲ್ಲ, ಬಯಸಿದವರಿಗೆ ತೆರೆದಿರುವ ಬಾಗಿಲು ಎಂದೂ, ಬೇಡವೆನ್ನುವವರು ತಮ್ಮ ವೈಯಕ್ತಿಕ ಕಾನೂನನ್ನು ಅನುಸರಿಸಬಹುದು ಎಂದೂ ಅದರ ಸಾರ. ಈ ದಾರಿಯಲ್ಲಿ ಬಂದ ಮಗು ಕಾನೂನಿನ ಕಣ್ಣಿಗೆ ಎಲ್ಲ ವಿಷಯಗಳಲ್ಲೂ ಆ ತಂದೆತಾಯಿಯ ಸ್ವಂತ ಮಗುವೇ.

ಇದಕ್ಕಾಗಿ ಕೇಂದ್ರ ಸರ್ಕಾರದ 'ಕಾರಾ' ಎಂಬ ಸಂಸ್ಥೆಯ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು, ಮಾತನಾಡಿಸಿ ವರದಿ ಬರೆಯುತ್ತಾರೆ. ಸರದಿ ಬಂದಾಗ ಮಗುವಿನ ವಿವರ ತೋರಿಸುತ್ತಾರೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಮಗು ಮನೆಗೆ ಬಂದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. ಇದನ್ನು ಪರೀಕ್ಷೆ ಎಂದು ಹೆದರುವವರಿದ್ದಾರೆ. ಆದರೆ ಕಷ್ಟವನ್ನು ಹೇಳಿಕೊಂಡು ಸಹಾಯ ಕೇಳುವುದಕ್ಕೆ ಅದೇ ಒಳ್ಳೆಯ ಸಮಯ.

ಒಂದು ಎಚ್ಚರಿಕೆ. ಆಸ್ಪತ್ರೆಯಿಂದ ಅಥವಾ ಮಧ್ಯವರ್ತಿಯಿಂದ ನೇರವಾಗಿ ಮಗುವನ್ನು "ತಂದುಕೊಳ್ಳುವುದು" ಅಪರಾಧ. ಅನಾಥ ಅಥವಾ ಬಿಟ್ಟುಹೋದ ಮಗುವನ್ನು ಕಾನೂನಿನ ಕ್ರಮವಿಲ್ಲದೆ ದತ್ತು ಕೊಟ್ಟರೂ ಪಡೆದರೂ ಮೂರು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಹಣ ಕೊಟ್ಟು ಕೊಂಡರೆ ಶಿಕ್ಷೆ ಇನ್ನೂ ಹೆಚ್ಚು. ಮಗುವನ್ನು ಸಾಕಲಾಗದ ತಾಯಿಗೂ ಕಾನೂನು ದಾರಿ ಇಟ್ಟಿದೆ. ಅವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು, ಮನಸ್ಸು ಬದಲಾಯಿಸಲು ಅವರಿಗೆ ಎರಡು ತಿಂಗಳ ಸಮಯವಿರುತ್ತದೆ.

ದೀನ್ ತಡೆಯುವುದು ಯಾವುದನ್ನು?

"ಇಸ್ಲಾಮಿನಲ್ಲಿ ದತ್ತು ಹರಾಮ್" ಎಂಬ ಒಂದೇ ಸಾಲನ್ನು ಕೇಳಿ ಕೆಲವರು ಯತೀಮ್ ಮಗುವನ್ನು ಸಾಕುವುದೇ ತಪ್ಪು ಎಂದುಕೊಂಡಿದ್ದಾರೆ. ಅದು ಸರಿಯಲ್ಲ. ನಮ್ಮ ಪ್ರವಾದಿ ಮುಹಮ್ಮದ್ (ಸ) ಅವರೇ ಯತೀಮರು. ಅವರು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು, ಆರು ವರ್ಷದವರಿದ್ದಾಗ ತಾಯಿಯೂ ತೀರಿಕೊಂಡರು. ಮೊದಲು ಅಜ್ಜ ಅಬ್ದುಲ್ ಮುತ್ತಲಿಬ್, ನಂತರ ಚಿಕ್ಕಪ್ಪ ಅಬೂ ತಾಲಿಬ್ ಅವರನ್ನು ಬೆಳೆಸಿದರು. ಯತೀಮ್ ಮಗುವಿನ ಹೊಣೆ ಹೊರುವುದಕ್ಕೆ 'ಕಫಾಲಾ' ಎನ್ನುತ್ತಾರೆ, ಅದು ದೊಡ್ಡ ಸವಾಬಿನ ಕೆಲಸ.

ತಡೆ ಇರುವುದು ಮಗುವಿನ ವಂಶವನ್ನು ಅಳಿಸಿ, ಸುಳ್ಳು ವಂಶ ಬರೆಯುವುದಕ್ಕೆ. ಪ್ರವಾದಿಯವರು ಸಾಕಿದ ಝೈದ್ ಅವರನ್ನು ಜನ ಝೈದ್ ಬಿನ್ ಮುಹಮ್ಮದ್ ಎಂದು ಕರೆಯುತ್ತಿದ್ದರು. ಸೂರಾ ಅಹ್‌ಝಾಬ್‌ನ ಆದೇಶ ಬಂದ ಮೇಲೆ ಅವರು ಮತ್ತೆ ಝೈದ್ ಬಿನ್ ಹಾರಿಸಾ ಆದರು. ಆದರೆ ಪ್ರೀತಿ ಕಡಿಮೆಯಾಗಲಿಲ್ಲ, ಮುಅತಾ ಯುದ್ಧದಲ್ಲಿ ಸೇನೆಯ ನಾಯಕತ್ವ ವಹಿಸಿದವರು ಅವರೇ. ನಾನು ಇದರಿಂದ ಅರ್ಥಮಾಡಿಕೊಂಡದ್ದು ಇಷ್ಟು: ನಮ್ಮ ದೀನ್ ಮಗುವಿನಿಂದ ಸತ್ಯವನ್ನು ಮುಚ್ಚಿಡಲು ಹೇಳುವುದಿಲ್ಲ. ಮುಚ್ಚಿಡುವುದು ನಾವು ಮಾಡಿಕೊಂಡ ಪದ್ಧತಿ.

ಮಹರಮ್ ಪ್ರಶ್ನೆಯೂ ಇದೆ. ಸಾಕಿದ ಮಗು ಪ್ರಾಯಕ್ಕೆ ಬಂದಾಗ ಮನೆಯೊಳಗಿನ ಪರದೆಯ ಪ್ರಶ್ನೆ ಬರುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಸಾಕುತಾಯಿಯೇ ಅಥವಾ ಹತ್ತಿರದ ಸಂಬಂಧಿಯೊಬ್ಬರು ಹಾಲುಣಿಸಿದರೆ 'ರಝಾಅತ್' ಎಂಬ ಹಾಲಿನ ಸಂಬಂಧ ಏರ್ಪಡುತ್ತದೆ. ಯಾರು, ಎಷ್ಟು ಸಲ ಉಣಿಸಬೇಕು ಎಂಬ ನಿಯಮ ಮಝ್‌ಹಬ್‌ಗೆ ತಕ್ಕಂತೆ ಬೇರೆಯಾಗುವುದರಿಂದ, ಮಗು ಮನೆಗೆ ಬರುವ ಮೊದಲೇ ಆಲಿಮರನ್ನು ಕೇಳುವುದು ಒಳ್ಳೆಯದು. ಮಗುವಿಗೆ ಹನ್ನೆರಡು ವರ್ಷವಾದ ಮೇಲೆ ಕೇಳಿದರೆ ಆ ದಾರಿ ಮುಚ್ಚಿರುತ್ತದೆ.

ಮನೆಯೊಳಗಿನ ಕಷ್ಟಗಳು

ಮಗು ಬಂದ ದಿನ ಸಿಹಿ ಹಂಚುತ್ತಾರೆ. ಕಷ್ಟ ಶುರುವಾಗುವುದು ಅದರ ನಂತರ. ಹಲವು ಕೈಗಳಲ್ಲಿ ಬೆಳೆದ ಮಗುವಿಗೆ ಒಬ್ಬರನ್ನೇ ನಂಬುವುದು ಅಭ್ಯಾಸವಿರುವುದಿಲ್ಲ. ಕೆಲವು ಮಕ್ಕಳು ರಾತ್ರಿ ಎದ್ದು ಅಳುತ್ತಾರೆ. ಕೆಲವರು ರೊಟ್ಟಿ, ಬಿಸ್ಕತ್ತನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾರೆ. ಸ್ವಲ್ಪ ದೊಡ್ಡ ಮಕ್ಕಳು ಬೇಕೆಂದೇ ತಪ್ಪು ಮಾಡಿ, ಇವರು ನನ್ನನ್ನು ವಾಪಸ್ ಕಳಿಸುತ್ತಾರಾ ಎಂದು ನೋಡುತ್ತಾರೆ. ಇದು ಕೆಟ್ಟ ಬುದ್ಧಿಯಲ್ಲ, ಭಯ. ಹೊಡೆದರೆ ಆ ಭಯ ಹೆಚ್ಚುತ್ತದೆ. ಊಟ, ನಿದ್ದೆ, ಶಾಲೆ ಪ್ರತಿದಿನ ಒಂದೇ ಹೊತ್ತಿಗೆ ನಡೆದರೆ, ಒಬ್ಬರೇ ಹೆಚ್ಚು ಹೊತ್ತು ಜೊತೆಗಿದ್ದರೆ ನಿಧಾನವಾಗಿ ನಂಬಿಕೆ ಬರುತ್ತದೆ. ತಿಂಗಳುಗಟ್ಟಲೆ ಹಿಡಿಯಬಹುದು.

ತಾಯಿಗೂ ಕಷ್ಟವಿದೆ. ಹೆತ್ತ ತಾಯಿಗೆ ಬಾಣಂತನ ಮಾಡಲು ಮನೆಯವರೆಲ್ಲ ಬರುತ್ತಾರೆ. ಮಗುವನ್ನು ಮಡಿಲಿಗೆ ತೆಗೆದುಕೊಂಡ ತಾಯಿಗೆ ಒಂದು ಹೊತ್ತು ಅಡುಗೆ ಮಾಡಿಕೊಡಲೂ ಯಾರೂ ಬರುವುದಿಲ್ಲ. ಮಗುವಿನ ಮೇಲೆ ಕೂಡಲೇ ಪ್ರೀತಿ ಉಕ್ಕಲಿಲ್ಲವೆಂದು ಅವಳು ತನ್ನನ್ನೇ ಬೈದುಕೊಳ್ಳುತ್ತಾಳೆ. "ಇಷ್ಟು ವರ್ಷ ಆಸೆಪಟ್ಟು ತಂದೆ, ಈಗ ಸುಸ್ತಾಗಿದೆ ಅಂತ ಯಾರಿಗೆ ಹೇಳಲಿ?" ಎಂದು ಖಾಲಾ ಒಮ್ಮೆ ಅಮ್ಮಿ ಹತ್ತಿರ ಹೇಳಿದ್ದರು. ರಜೆಯ ವಿಷಯದಲ್ಲೂ ಹೀಗೇ ಆಗಿದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ದತ್ತು ತಾಯಿಗೆ 12 ವಾರ ರಜೆ ಕೊಟ್ಟಿತು, ಆದರೆ ಮಗು ಮೂರು ತಿಂಗಳಿಗಿಂತ ಚಿಕ್ಕದಿದ್ದರೆ ಮಾತ್ರ ಎಂದು ಬರೆಯಿತು. ಕಾನೂನಿನ ಕ್ರಮ ಮುಗಿಯುವುದಕ್ಕೇ ತಿಂಗಳುಗಳು ಹಿಡಿಯುವಾಗ ಅಷ್ಟು ಚಿಕ್ಕ ಮಗು ಎಷ್ಟು ಜನರಿಗೆ ಸಿಗುತ್ತದೆ? ಈ ಷರತ್ತನ್ನು ಪ್ರಶ್ನಿಸಿ ದತ್ತು ತಾಯಿಯೊಬ್ಬರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು.

ಶಾಲೆಯಲ್ಲೂ ಪ್ರಶ್ನೆ ಬರುತ್ತದೆ. ನನ್ನ ತಂಗಿಯ ಶಾಲೆಯಲ್ಲಿ ವಂಶವೃಕ್ಷ ಬರೆದು, ಹುಟ್ಟಿದಾಗಿನ ಫೋಟೋ ಅಂಟಿಸಿಕೊಂಡು ಬರಲು ಹೇಳಿದ್ದರು. ಅವಳ ಮೊದಲ ಫೋಟೋ ಏಳು ತಿಂಗಳಿನದು. ಖಾಲಾ ಏನೋ ನೆಪ ಹೇಳಿದರು. "ನಿನ್ನ ಮನೆಯವರ ಬಗ್ಗೆ ಬರೆ" ಎಂದಿದ್ದರೆ ಆ ನೆಪ ಬೇಕಾಗುತ್ತಿರಲಿಲ್ಲ.

ಮಗುವಿಗೆ ಯಾವಾಗ ಹೇಳಬೇಕು?

ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಹೇಳುವುದು ಒಂದೇ: ಬೇಗ ಹೇಳಿ, ಸ್ವಲ್ಪ ಸ್ವಲ್ಪವಾಗಿ ಹೇಳಿ, ಮನೆಯವರೇ ಹೇಳಿ. ಮೂರ್ನಾಲ್ಕು ವರ್ಷದ ಮಗುವಿಗೆ ಮಲಗುವಾಗ ಕಥೆಯಂತೆ ಹೇಳಬಹುದು: "ನಮಗೆ ಮಗು ಬೇಕಿತ್ತು, ನಿನಗೆ ಮನೆ ಬೇಕಿತ್ತು, ಅಲ್ಲಾಹನು ನಮ್ಮನ್ನು ಸೇರಿಸಿದ." ಏಳೆಂಟು ವರ್ಷಕ್ಕೆ ಮಗು "ಹೆತ್ತ ಅಮ್ಮ ಯಾಕೆ ಬಿಟ್ಟಳು?" ಎಂದು ಕೇಳುತ್ತದೆ. ಆಗ ಗೊತ್ತಿರುವಷ್ಟು ಸತ್ಯ ಹೇಳಬೇಕು, ಹೆತ್ತವಳನ್ನು ಬೈಯಬಾರದು, ಏಕೆಂದರೆ ಆ ಬೈಗುಳ ಮಗುವಿಗೂ ತಾಗುತ್ತದೆ. ನಮ್ಮ ವಯಸ್ಸಿಗೆ ಬಂದಾಗ, ನಾನು ಯಾರ ಹಾಗಿದ್ದೇನೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಕೃತಘ್ನತೆ ಎಂದು ತಿಳಿಯಬಾರದು.

ಚಿಕ್ಕಂದಿನಿಂದ ಗೊತ್ತಿರುವ ಮಗುವಿಗೆ ಮದುವೆಮನೆಯ ಮಾತು ಹೊಸದಲ್ಲ. "ಹೌದು, ನನಗೆ ಗೊತ್ತು" ಎಂದು ಅದು ಊಟ ಮುಂದುವರಿಸುತ್ತದೆ.

ಸ್ವಲ್ಪ ಲೆಕ್ಕದ ಮಾತು

ವಾಣಿಜ್ಯ ವಿಭಾಗದವಳಾದ್ದರಿಂದ ಇದನ್ನು ಬಿಡಲಾರೆ. ಪೋಷಕತ್ವದ ದಾರಿಯಲ್ಲಿ ಬಂದ ಮಗುವಿಗೆ ಶರೀಅತ್ ಪ್ರಕಾರ ವಾರಸುದಾರಿಕೆ ಇಲ್ಲ. ಹಾಗೆಂದು ಅದು ಬರಿಗೈಯಲ್ಲಿ ಉಳಿಯಬೇಕಾಗಿಲ್ಲ. ದಾರಿ ಎರಡಿವೆ.

ಒಂದು, ವಸಿಯತ್. ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ತೀರಿಸಿದ ಮೇಲೆ ಉಳಿದ ಆಸ್ತಿಯ ಮೂರನೇ ಒಂದು ಭಾಗದವರೆಗೆ ವಾರಸುದಾರರಲ್ಲದವರಿಗೆ ಬರೆಯಬಹುದು. ಉದಾಹರಣೆಗೆ, ಒಬ್ಬರು 34 ಲಕ್ಷ ರೂಪಾಯಿಯ ಆಸ್ತಿ ಬಿಟ್ಟರು, ಸಾಲ ಮತ್ತು ಖರ್ಚು 4 ಲಕ್ಷ ಎಂದುಕೊಳ್ಳಿ. ಉಳಿದದ್ದು 30 ಲಕ್ಷ. ಅದರಲ್ಲಿ 10 ಲಕ್ಷದವರೆಗೆ ಸಾಕಿದ ಮಗುವಿಗೆ ವಸಿಯತ್ ಮಾಡಬಹುದು. ಬರೆಯದೆ ಹೋದರೆ ಸಿಗುವುದು ಸೊನ್ನೆ.

ಎರಡು, ಹಿಬಾ, ಅಂದರೆ ಬದುಕಿರುವಾಗಲೇ ಕೊಡುವ ದಾನ. ಇದಕ್ಕೆ ಮೂರನೇ ಒಂದರ ಮಿತಿಯಿಲ್ಲ. ಕೊಡುತ್ತೇನೆಂದು ಹೇಳಬೇಕು, ಮಗುವಿನ ಪರವಾಗಿ ಒಪ್ಪಿಕೊಳ್ಳಬೇಕು, ಸ್ವಾಧೀನ ಬಿಟ್ಟುಕೊಡಬೇಕು. ಬಾಯಿಮಾತಿನ ಹಿಬಾ ಕೂಡ ನಡೆಯುತ್ತದೆಯಾದರೂ, ಬರೆದು ನೋಂದಾಯಿಸಿದರೆ ಮುಂದೆ ಜಗಳ ಕಡಿಮೆ.

ಬ್ಯಾಂಕಿನಲ್ಲಿ ಮಗುವಿನ ಹೆಸರನ್ನು ನಾಮಿನಿ ಮಾಡಿದ್ದೇವೆ, ಸಾಕು ಎಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು, ಅದರ ಮಾಲೀಕರಲ್ಲ. ಷೇರುಗಳ ನಾಮಿನಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿದೆ. ಆದ್ದರಿಂದ ನಾಮಿನಿಯ ಜೊತೆಗೆ ವಸಿಯತ್ ಅಥವಾ ಹಿಬಾ ಇರಲೇಬೇಕು. ವಕೀಲರನ್ನೂ ಆಲಿಮರನ್ನೂ ಇಬ್ಬರನ್ನೂ ಕೇಳಿ ಮಾಡುವುದು ಉತ್ತಮ.

ನಾವು ಮಾಡಬಹುದಾದದ್ದು

"ನಿಜವಾದ ಅಪ್ಪ ಅಮ್ಮ ಯಾರು?" ಎಂದು ಕೇಳಬೇಡಿ. ಬೆಳಗ್ಗೆ ಟಿಫಿನ್ ಕಟ್ಟಿ ಕಳಿಸುವವರು ಸುಳ್ಳು ಅಮ್ಮನಲ್ಲ. ಕೇಳಲೇಬೇಕಿದ್ದರೆ 'ಹೆತ್ತ ತಾಯಿ' ಎಂಬ ಮಾತಿದೆ. "ನೀನು ಎಷ್ಟು ಅದೃಷ್ಟವಂತೆ, ಋಣ ಮರೆಯಬೇಡ" ಎಂದೂ ಹೇಳಬೇಡಿ. ಹೆತ್ತ ಮಕ್ಕಳಿಗೆ ಯಾರೂ ಹಾಗೆ ಹೇಳುವುದಿಲ್ಲ. ಗೆಳೆಯರು ನಂಬಿಕೆಯಿಂದ ಈ ವಿಷಯ ಹೇಳಿಕೊಂಡರೆ ಅದು ಅವರ ಅಮಾನತು, ಇನ್ನೊಬ್ಬರಿಗೆ ದಾಟಿಸುವುದು ಖಿಯಾನತ್. ನೆರೆಯಲ್ಲಿ ಮಗುವನ್ನು ತಂದ ಮನೆಯಿದ್ದರೆ ಬಾಣಂತಿ ಮನೆಗೆ ಹೋಗುವಂತೆ ಊಟದ ಡಬ್ಬಿ ತೆಗೆದುಕೊಂಡು ಹೋಗಿ. ಸಹಾಯ ಬೇಕಾದವರಿಗೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಮಗು ತೊಂದರೆಯಲ್ಲಿದ್ದರೆ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಆ ಮದುವೆಯ ನಂತರ ನನ್ನ ತಂಗಿ ಎರಡು ವಾರ ಯಾರ ಜೊತೆಯೂ ಸರಿಯಾಗಿ ಮಾತನಾಡಲಿಲ್ಲ. ಒಂದು ದಿನ ಖಾಲು ಬೀರುವಿನಿಂದ ಕೋರ್ಟಿನ ಆದೇಶ, ಅವಳು ಬಂದ ದಿನ ಹಾಕಿಕೊಂಡಿದ್ದ ಹಳದಿ ಫ್ರಾಕ್ ಎರಡನ್ನೂ ತೆಗೆದು ಅವಳ ಮುಂದಿಟ್ಟು, ತಮಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದರು. ಮುಚ್ಚಿಟ್ಟದ್ದಕ್ಕೆ ಕ್ಷಮೆಯನ್ನೂ ಕೇಳಿದರು. ಈಗ ಅವಳು ಮೊದಲಿನಂತೆ ಖಾಲಾ ಜೊತೆ ಜಗಳವಾಡುತ್ತಾಳೆ, ಅಲ್‌ಹಮ್ದುಲಿಲ್ಲಾಹ್. ನನ್ನನ್ನು ಕ್ಷಮಿಸಲು ಮಾತ್ರ ಸ್ವಲ್ಪ ಹೆಚ್ಚು ದಿನ ತೆಗೆದುಕೊಂಡಳು. "ಖಾಲು ಹೇಳಬೇಡ ಅಂದಿದ್ದರು" ಎಂದೆ. "ಮದುವೆಯಲ್ಲಿ ಅವರು ಹೇಳಿದಾಗಲಾದರೂ ನನ್ನ ಕೈ ಹಿಡಿದುಕೊಳ್ಳಬಹುದಿತ್ತಲ್ಲ, ಆಪಾ" ಎಂದಳು.

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈ ಲೇಖನ ಓದಿದವರು ಇಂತಹ ಹೊತ್ತು ಬಂದಾಗ ಪಕ್ಕದಲ್ಲಿರುವ ಕೈಯನ್ನು ಹಿಡಿದುಕೊಂಡರೆ ಸಾಕು.